ದೋಣಿ ಮೊದಲು, ಪಾರ್ಕ್ ಆಮೇಲೆ

(ಮಂಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಎಷ್ಟು ಜನ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ಆಚೆ ದಡದ ತಣ್ಣೀರುಬಾವಿಗೆ ಹೋಗಿದ್ದೀರಿ? ಕೈ ಎತ್ತಿ ನೋಡೋಣ. ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಈಗ ಕಳೆದ ಒಂದು ವರ್ಷದಲ್ಲಿ ಹೋದವರು ಮಾತ್ರ ಎತ್ತಿ. ನೋಡಿ, ಐದಾರು ಕೈ ಉಳಿಯಿತು. ಉಳಿದವರೆಲ್ಲ ಕೂಳೂರಿನ ಮೇಲೆ ಸುತ್ತಿಕೊಂಡು ಕಾರಿನಲ್ಲಿ ಹೋಗುತ್ತೀರಿ, ಅಲ್ವಾ? ಈ ಕೈಗಳ ಲೆಕ್ಕ ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಇಲ್ಲಿಗೇ ಬರುತ್ತೇನೆ.

ಇವತ್ತು ನಾನು ಹೇಳಬೇಕೆಂದಿರುವುದು ನ್ಯೂಯಾರ್ಕ್ ಬಂದರಿನೊಳಗೆ ಇರುವ ಒಂದು ದ್ವೀಪದ ಕಥೆ. ಗವರ್ನರ್ಸ್ ಐಲ್ಯಾಂಡ್. ಮ್ಯಾನ್‌ಹಟನ್‌ನ ದಕ್ಷಿಣ ತುದಿಯಿಂದ ನೀರಿನ ಮೇಲೆ ಮುಕ್ಕಾಲು ಕಿಲೋಮೀಟರ್ ದೂರ, ಅಷ್ಟೇ. 172 ಎಕರೆ ಜಾಗ. ಎರಡು ಶತಮಾನ ಸಿಪಾಯಿಗಳ ಕೈಯಲ್ಲಿದ್ದ ಆ ಜಾಗ ಇವತ್ತು ಊರಿನ ಎಲ್ಲರೂ ಹೋಗಿ ಹುಲ್ಲಿನ ಮೇಲೆ ಮಲಗುವ ಪಾರ್ಕ್. ಅದು ಹೇಗಾಯಿತು, ಅದರಲ್ಲಿ ನಮ್ಮ ಹಳೆ ಬಂದರು, ಅಳಿವೆ ಬದಿಯ ಬೆಂಗ್ರೆ, ಹೊಳೆ ನಡುವಿನ ಕುದ್ರುಗಳಿಗೆ ಬೇಕಾದದ್ದು ಏನಿದೆ ಅನ್ನುವುದು ನನ್ನ ವಿಷಯ.

ಮೊದಲು ಸ್ವಲ್ಪ ಚರಿತ್ರೆ. ಅಲ್ಲಿನ ಮೂಲ ಜನ ಲೆನಾಪೆಗಳು. ಆ ದ್ವೀಪದಲ್ಲಿ ಕಾಯಿ ಬಿಡುವ ಮರಗಳು ತುಂಬ ಇದ್ದವು. ಅಕ್ರೋಟು, ಚೆಸ್ಟ್‌ನಟ್ ತರದವು. ಹಾಗಾಗಿ ಅವರ ಭಾಷೆಯಲ್ಲೂ ಆಮೇಲೆ ಬಂದ ಡಚ್ಚರ ಭಾಷೆಯಲ್ಲೂ ಅದರ ಹೆಸರಿನ ಅರ್ಥ ಒಂದೇ, ಕಾಯಿಗಳ ದ್ವೀಪ. ಮಲ್ಪೆಯ ಆಚೆ ಇರುವ ದ್ವೀಪಕ್ಕೆ ಜನ ತೆಂಗಿನ ದ್ವೀಪ ಅಂದ ಹಾಗೆ. 1637ರಲ್ಲಿ ಒಬ್ಬ ಡಚ್ ಅಧಿಕಾರಿ ಎರಡು ಕೊಡಲಿ ತಲೆ, ಒಂದು ಮಣಿಸರ, ಒಂದು ಹಿಡಿ ಮೊಳೆ ಕೊಟ್ಟು ಅದನ್ನು ತನ್ನದಾಗಿಸಿಕೊಂಡ. ಮುಂದೆ ಇಂಗ್ಲಿಷರು ಬಂದರು, ಗವರ್ನರ್ ಸಾಹೇಬರಿಗೆಂದು ಜಾಗ ಮೀಸಲಿಟ್ಟರು. 1784ರಲ್ಲಿ ಗವರ್ನರ್ಸ್ ಐಲ್ಯಾಂಡ್ ಎಂಬ ಹೆಸರು ಅಧಿಕೃತವಾಯಿತು.

1784 ಅಂದ ಕೂಡಲೇ ಮಂಗಳೂರಿನವರಿಗೆ ಏನಾದರೂ ಹೊಳೆಯಬೇಕು. ಟಿಪ್ಪುವಿಗೂ ಇಂಗ್ಲಿಷರಿಗೂ ಮಂಗಳೂರು ಒಪ್ಪಂದ ಆದ ವರ್ಷ. ಗುರುಪುರ ಹೊಳೆಗೆ ಯುದ್ಧದ ಹಡಗು ನುಗ್ಗದಂತೆ ಕಾಯುವುದಕ್ಕೆ ಸುಲ್ತಾನ್ ಬತ್ತೇರಿ ಕಟ್ಟಿದ್ದೂ ಆ ಹೊತ್ತಿಗೇ. ಅಲ್ಲಿ ಅಮೆರಿಕದವರು ಮಾಡಿದ್ದೂ ಅದೇ ಕೆಲಸ. ಇಂಗ್ಲಿಷರ ಹಡಗು ಮತ್ತೆ ಬಂದರೆ ಎಂಬ ಹೆದರಿಕೆಗೆ ದ್ವೀಪದ ಮೇಲೆ ಫೋರ್ಟ್ ಜೇ ಕಟ್ಟಿದರು. ಆಮೇಲೆ 1807ರಿಂದ 1811ರ ನಡುವೆ ಕ್ಯಾಸಲ್ ವಿಲಿಯಮ್ಸ್ ಎಂಬ ದುಂಡಗಿನ ಕೋಟೆ ಎದ್ದಿತು. ಕೆಂಪು ಮರಳುಗಲ್ಲಿನ ಗೋಡೆ. ದೂರದಿಂದ ನೋಡಿದರೆ ಮುರಕಲ್ಲಿನಲ್ಲಿ ಕಟ್ಟಿದ ಹಾಗೆಯೇ ಕಾಣುತ್ತದೆ. ನನಗಂತೂ ಮೊದಲ ನೋಟಕ್ಕೆ ಎದೆ ಧಸಕ್ಕೆಂದಿತು.

ಇನ್ನೊಂದು ಸಂಗತಿ ಹೇಳಲೇಬೇಕು. ಆ ದ್ವೀಪ ಮೊದಲು 69 ಎಕರೆ ಮಾತ್ರ ಇತ್ತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮ್ಯಾನ್‌ಹಟನ್‌ನಲ್ಲಿ ಲೆಕ್ಸಿಂಗ್ಟನ್ ಅವೆನ್ಯೂ ಕೆಳಗೆ ಸುರಂಗ ರೈಲಿಗೆ ಅಗೆದರಲ್ಲ, ಆ ಮಣ್ಣು ಕಲ್ಲನ್ನೆಲ್ಲ ತಂದು ದ್ವೀಪದ ದಕ್ಷಿಣಕ್ಕೆ ಸುರಿದರು. 1912ರ ಹೊತ್ತಿಗೆ 103 ಎಕರೆ ಹೊಸ ನೆಲ ಹುಟ್ಟಿತು. ಅಂದರೆ ಇವತ್ತಿನ ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗ ಊರಿನ ಅಗೆದ ಮಣ್ಣು. ತೀರಾ ಚಪ್ಪಟೆ ನೆಲ, ಗಾಳಿಗೆ ಅಡ್ಡ ಏನೂ ಇಲ್ಲ. ಇದು ಮುಂದೆ ಲೆಕ್ಕಕ್ಕೆ ಬರುತ್ತದೆ.

1966ರ ತನಕ ಸೈನ್ಯ, ಆಮೇಲೆ ಕೋಸ್ಟ್ ಗಾರ್ಡ್. ಒಳಗೆ ಶಾಲೆ, ಚರ್ಚು, ಚಿತ್ರಮಂದಿರ, ಅಂಗಡಿ ಎಲ್ಲ ಇದ್ದ ಪೂರ್ತಿ ಊರು. 1988ರ ಡಿಸೆಂಬರ್‌ನಲ್ಲಿ ರೇಗನ್ ಮತ್ತು ಗೋರ್ಬಚೇವ್ ಭೇಟಿಯಾಗಿ ಮಾತಾಡಿದ್ದು ಅಲ್ಲೇ. ಆದರೆ ಎದುರು ದಡದಲ್ಲಿ ಹುಟ್ಟಿ ಬೆಳೆದವರಿಗೆ ಅಲ್ಲಿ ಕಾಲಿಡಲು ಬಿಡುತ್ತಿರಲಿಲ್ಲ. ದಿನಾ ಕಣ್ಣಿಗೆ ಕಾಣುವ ಜಾಗ, ಆದರೆ ನಮ್ಮದಲ್ಲ. ಬಂದರಿನ ಪಕ್ಕ ಬದುಕುವವರಿಗೆ ಈ ನೋವು ಗೊತ್ತು. ಎಷ್ಟು ಕಡೆ ನಮ್ಮ ನೀರು ನಮಗೆ ಕಾಣುವುದು ಗೇಟಿನ ಸಂದಿಯಿಂದ, ಕಾಂಪೌಂಡಿನ ಮೇಲಿಂದ!

1996ರಲ್ಲಿ ಕೋಸ್ಟ್ ಗಾರ್ಡ್ ಖಾಲಿ ಮಾಡಿತು. ಮುಂದೇನು? ಕ್ಯಾಸಿನೊ ಮಾಡೋಣ ಅಂದವರಿದ್ದರು. ಕೇಂದ್ರ ಸರಕಾರವೇ ಅದನ್ನು ಮಾರಿ ದುಡ್ಡು ಮಾಡುವ ದಾರಿಯೂ ಇತ್ತು. ಅದಕ್ಕೆ ಒಂದು ವರ್ಷ ಮೊದಲು, 1995ರಲ್ಲಿ, ಸೆನೆಟರ್ ಮೊಯ್ನಿಹನ್ ಮತ್ತು ಅಧ್ಯಕ್ಷ ಕ್ಲಿಂಟನ್ ಹೆಲಿಕಾಪ್ಟರ್‌ನಲ್ಲಿ ಆ ದ್ವೀಪದ ಮೇಲೆ ಹೋಗುವಾಗ ಒಂದು ಮಾತಾಯಿತಂತೆ. ಜನರಿಗೆ ಉಪಯೋಗ ಆಗುವ ಯೋಜನೆ ತನ್ನಿ, ಒಂದು ಡಾಲರಿಗೆ ಕೊಡುತ್ತೇವೆ ಎಂದು. ಎಂಟು ವರ್ಷ ಬೇಕಾಯಿತು. 2003ರ ಜನವರಿಯಲ್ಲಿ ನಿಜವಾಗಿಯೂ ಒಂದೇ ಒಂದು ಡಾಲರಿಗೆ ನ್ಯೂಯಾರ್ಕ್‌ನವರಿಗೆ ದ್ವೀಪ ಸಿಕ್ಕಿತು. ಕೋಟೆಗಳಿರುವ 22 ಎಕರೆ ರಾಷ್ಟ್ರೀಯ ಸ್ಮಾರಕವಾಗಿ ಉಳಿಯಿತು. ಬಾಕಿ 150 ಎಕರೆ ಊರಿಗೆ.

ಡಾಲರಿನ ಕಥೆ ಎಲ್ಲರಿಗೂ ಇಷ್ಟವಾಗುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಕ್ರಯಪತ್ರದ ಷರತ್ತು. ಇಲ್ಲಿ ಕಾಯಂ ವಾಸದ ಮನೆ ಕಟ್ಟುವಂತಿಲ್ಲ, ಕ್ಯಾಸಿನೊ ಮಾಡುವಂತಿಲ್ಲ, ಇಷ್ಟು ಭಾಗ ಪಾರ್ಕಿಗೇ ಇರಬೇಕು ಎಂದು ಕಾಗದದಲ್ಲಿ ಬರೆದುಬಿಟ್ಟರು. ನಾನು ಕಟ್ಟಡಗಳ ನಕ್ಷೆ ಮಾಡಿ ಬದುಕುವವಳು. ನೀರಿನ ಅಂಚಿನ ಒಂದು ಸೆಂಟ್ಸ್ ಜಾಗಕ್ಕೆ ಎಷ್ಟು ಕಣ್ಣು ಬೀಳುತ್ತವೆ ಎಂದು ನನಗೆ ಗೊತ್ತು. ಒಳ್ಳೆಯ ಮನಸ್ಸಿನ ಮೇಲೆ ಬಿಟ್ಟರೆ ಹತ್ತು ವರ್ಷದಲ್ಲಿ ಆ ಜಾಗ ಇರುವುದಿಲ್ಲ ಮಾರಾಯ್ರೆ. ಕಾಗದದಲ್ಲಿ ಬರೆದಿರಬೇಕು.

ಸರಿ, ದ್ವೀಪ ಕೈಗೆ ಬಂತು. ಆಗ ಅವರು ಏನು ಮಾಡಿದರು? ದೊಡ್ಡದೇನೂ ಮಾಡಲಿಲ್ಲ. ಇದನ್ನೇ ನಾನು ಒತ್ತಿ ಹೇಳಬೇಕೆಂದು ಬಂದದ್ದು. ಪಾರ್ಕಿನ ನಕ್ಷೆ ಇನ್ನೂ ಇಲ್ಲ, ಅರ್ಧ ಕಟ್ಟಡಗಳ ಕಿಟಕಿಗೆ ಹಲಗೆ ಹೊಡೆದಿದೆ, ಕುಡಿಯುವ ನೀರಿಗೆ ಸರಿಯಾದ ವ್ಯವಸ್ಥೆ ಇಲ್ಲ. ಅಂಥ ಹೊತ್ತಿನಲ್ಲೇ ಬೇಸಿಗೆಯ ರಜಾದಿನಗಳಲ್ಲಿ ದೋಣಿ ಬಿಟ್ಟರು. ಉಚಿತವಾಗಿ. ಬನ್ನಿ, ನಡೆದಾಡಿ, ಸೈಕಲ್ ಹೊಡೆಯಿರಿ, ಬುತ್ತಿ ತಂದು ತಿನ್ನಿ ಎಂದರು. ದ್ವೀಪದಲ್ಲಿ ಕಾರು ಇಲ್ಲ. ಮೊದಮೊದಲು, 2005ರಲ್ಲಿ, ಇಡೀ ವರ್ಷಕ್ಕೆ ಬಂದವರು ಎಂಟು ಸಾವಿರದಷ್ಟು. ಹತ್ತು ವರ್ಷ ಕಳೆಯುವುದರೊಳಗೆ ಆ ಲೆಕ್ಕ ಲಕ್ಷಗಳಿಗೆ ಹೋಯಿತು. ಕಲಾವಿದರಿಗೆ, ಸಣ್ಣ ಸಂಘಗಳಿಗೆ ಖಾಲಿ ಮನೆಗಳನ್ನು ಬೇಸಿಗೆಗೆಂದು ಕೊಟ್ಟರು. ಜನ ಎಲ್ಲಿ ಕೂರುತ್ತಾರೆ, ಮಕ್ಕಳು ಯಾವ ಕಡೆ ಓಡುತ್ತಾರೆ, ಮಧ್ಯಾಹ್ನ ನೆರಳು ಎಲ್ಲಿ ಸಾಲದು, ಇದೆಲ್ಲ ಕಣ್ಣಿಗೆ ಕಂಡಿತು. ನಕ್ಷೆ ಬರೆಯುವವರು ಅದನ್ನು ನೋಡಿಕೊಂಡೇ ಬರೆದರು.

ನಮ್ಮಲ್ಲಿ ಇದರ ತಲೆಕೆಳಗು. ಮೊದಲು ಇಂಟರ್‌ಲಾಕ್, ಆಮೇಲೆ ಸ್ಟೀಲ್ ಕಂಬಿ, ಆಮೇಲೆ ಹೆಸರಿನ ಬೋರ್ಡು. ಉದ್ಘಾಟನೆ ಆದ ಮೇಲೆ ಗೊತ್ತಾಗುವುದು, ಅಲ್ಲಿಗೆ ಬಸ್ಸೇ ಇಲ್ಲ, ಮಧ್ಯಾಹ್ನ ಕೂರಲು ಒಂದು ಮರ ಇಲ್ಲ ಎಂದು. ನಾನು ಕೆಲಸ ಮಾಡಿದ ಒಂದು ಹೊಳೆ ಬದಿಯ ಯೋಜನೆಯಲ್ಲೇ ಹೀಗಾಯಿತು. ಅಲ್ಲಿ ಸಂಜೆ ಬಲೆ ಒಣಗಿಸುತ್ತಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಿ ಎಂದು ನಾನೂ ಹಟ ಹಿಡಿಯಲಿಲ್ಲ. ಆ ಬೇಸರ ನನಗೆ ಇನ್ನೂ ಇದೆ.

ನಾನು ಆ ದ್ವೀಪಕ್ಕೆ ಹೋದದ್ದು ಅಮ್ಮನ ಜೊತೆ. ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ, ಅವಳ ಮನೆಗೆ ಹೋಗಿದ್ದಾಗ. 1909ರಲ್ಲಿ ಕಟ್ಟಿದ ಹಳೆಯ ಕಬ್ಬಿಣದ ಕಟ್ಟಡ ಒಂದಿದೆ ಮ್ಯಾನ್‌ಹಟನ್ ದಡದಲ್ಲಿ, ಹಸಿರು ಬಣ್ಣದ್ದು, ಅದರೊಳಗಿಂದ ದೋಣಿ ಹತ್ತಬೇಕು. ದೋಣಿ ಅಂದರೆ ನಮ್ಮ ಮರದ ದೋಣಿಯಲ್ಲ, ದೊಡ್ಡ ಫೆರಿ. ಏಳೆಂಟು ನಿಮಿಷದ ದಾರಿ. ಅಮ್ಮ ಬೋಳಾರದವರು, ಸಣ್ಣಂದಿನಲ್ಲಿ ಹೊಳೆ ದಾಟಿ ನೆಂಟರ ಮನೆಗೆ ಹೋಗಿ ಬಂದು ಬೆಳೆದವರು. ಕಂಬಿ ಹಿಡಿದು ನಿಂತು, ಹಗ್ಗ ಬಿಚ್ಚುವ ಹುಡುಗನನ್ನೇ ನೋಡುತ್ತಿದ್ದರು. ಆಚೆ ಇಳಿದು ಸ್ವಲ್ಪ ನಡೆದರೆ ಮರಗಳ ನಡುವೆ ಜೋಲಿಗಳನ್ನು ಕಟ್ಟಿದ್ದಾರೆ. ಕೆಂಪು ಬಲೆಯ ಜೋಲಿ, ಸಾಲಾಗಿ. ಅಮ್ಮ ಒಂದರ ಅಂಚಿನಲ್ಲಿ ಮೆಲ್ಲ ಕೂತು, ಸೆರಗು ಸರಿಮಾಡಿಕೊಂಡು, ನನ್ನನ್ನು ಕೇಳಿದರು, "ಇಲ್ಲಿ ಸುಮ್ನೆ ಕೂತರೆ ದುಡ್ಡು ಕೇಳ್ತಾರಾ?" ಇಲ್ಲ ಅಮ್ಮ ಅಂದೆ. "ಎಷ್ಟು ಹೊತ್ತು ಕೂರಬಹುದು?" ಕೊನೆಯ ದೋಣಿಯ ತನಕ ಅಂದೆ. ಆಮೇಲೆ ಅವರು ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟರು. ಎಪ್ಪತ್ತೆರಡು ವರ್ಷದ ಹೆಂಗಸು ಊರ ಮಧ್ಯೆ ಯಾರ ಅಪ್ಪಣೆಯೂ ಇಲ್ಲದೆ ಮಲಗಿ ನಿದ್ದೆ ಮಾಡಿದರು. ಮಂಗಳೂರಿನಲ್ಲಿ ಅಮ್ಮನಿಗೆ ಅಂಥ ಒಂದು ಜಾಗ ತೋರಿಸಲು ನನ್ನಿಂದ ಆಗಿಲ್ಲ.

ಈ ಪಾರ್ಕು ತೆರೆದದ್ದು 2014ರಲ್ಲಿ, ಮೊದಲ 30 ಎಕರೆ. ನೆದರ್ಲೆಂಡ್ಸಿನ ವೆಸ್ಟ್ 8 ಎಂಬ ಸಂಸ್ಥೆಯ ವಿನ್ಯಾಸ. ನೀರಿಗಿಂತ ತಗ್ಗಿನ ನಾಡಿನಿಂದ ಬಂದವರಿಗೆ ನೀರಿನ ಭಯ ಚೆನ್ನಾಗಿ ಗೊತ್ತು. ಮೊದಲು ನೆಲವನ್ನೇ ಎತ್ತರಿಸಿದರು, ಪ್ರವಾಹ ಬಂದರೂ ಉಪ್ಪುನೀರು ಮರಗಳ ಬೇರಿಗೆ ತಾಗದಂತೆ. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕನ್ನು ಮುಳುಗಿಸಿದಾಗ ಇದು ಎಷ್ಟು ಮುಖ್ಯ ಎಂದು ಎಲ್ಲರಿಗೂ ಕಂಡಿತು. ಉಳ್ಳಾಲದ ಕಡಲ್ಕೊರೆತ ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2016ರಲ್ಲಿ ಗುಡ್ಡಗಳು ಬಂದವು. ನಾಲ್ಕು ಗುಡ್ಡ, ಅತಿ ಎತ್ತರದ್ದು 70 ಅಡಿ. ಚಪ್ಪಟೆ ದ್ವೀಪದಲ್ಲಿ ಗುಡ್ಡ ಎಲ್ಲಿಂದ? ಕೋಸ್ಟ್ ಗಾರ್ಡ್ ಕಾಲದ ಹನ್ನೊಂದು ಅಂತಸ್ತಿನ ವಸತಿ ಕಟ್ಟಡ ಒಂದಿತ್ತು, ಅದನ್ನು 2013ರ ಜೂನ್‌ನಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಹೀಗೆ ಕೆಡವಿದ ಕಟ್ಟಡಗಳ ಕಾಂಕ್ರೀಟು, ಇಟ್ಟಿಗೆ ಚೂರುಗಳೇ ಗುಡ್ಡಗಳ ಹೊಟ್ಟೆಯೊಳಗಿವೆ. ತುಂಬಿಸಿದ ನೆಲ ಜಾಸ್ತಿ ಭಾರ ತಡೆಯುವುದಿಲ್ಲವಲ್ಲ, ಹಾಗಾಗಿ ಕೆಲವು ಕಡೆ ಜ್ವಾಲಾಮುಖಿಯ ಹಗುರ ಕಲ್ಲನ್ನು ತುಂಬಿದರು, ನೀರಿನಲ್ಲಿ ತೇಲುವಂಥ ಕಲ್ಲು. ಎತ್ತರದ ಗುಡ್ಡಕ್ಕೆ ಹತ್ತಲು ಒಂದು ಕಡೆ ದೊಡ್ಡ ದೊಡ್ಡ ಶಿಲೆಕಲ್ಲುಗಳನ್ನು ಅಡ್ಡಾದಿಡ್ಡಿಯಾಗಿ ಜೋಡಿಸಿದ್ದಾರೆ. ಅವು ದ್ವೀಪದ ಹಳೆಯ ಕಡಲಗೋಡೆಯಿಂದ ತೆಗೆದವು. ಮುಟ್ಟಿ ನೋಡಿದೆ. ನೂರು ವರ್ಷ ಅಲೆ ಬಡಿದು ಒಂದು ಮೈ ನುಣ್ಣಗಾಗಿದೆ, ಇನ್ನೊಂದು ಮೈಯಲ್ಲಿ ಉಳಿಯ ಗುರುತು ಹಾಗೇ ಇದೆ. ಮಕ್ಕಳು ಅವುಗಳನ್ನು ಕೈಕಾಲು ಊರಿ ಹತ್ತುತ್ತಾರೆ. ಮೇಲೆ ನಿಂತರೆ ಎದುರಿಗೆ ಲಿಬರ್ಟಿ ಪ್ರತಿಮೆ, ಇಡೀ ಬಂದರು.

ಇದು ಅಲ್ಲಿ ಮಾತ್ರ ಆದದ್ದಲ್ಲ. ಬಾಸ್ಟನ್ ಬಂದರಿನಲ್ಲಿ ಸ್ಪೆಕ್ಟಕಲ್ ಐಲ್ಯಾಂಡ್ ಎಂದಿದೆ. ಅದು 1959ರ ತನಕ ಊರಿನ ಕಸ ಸುರಿಯುವ ಜಾಗ. ಊರಿನ ಕೆಳಗೆ ಹೆದ್ದಾರಿ ಸುರಂಗ ತೋಡಿದಾಗ ಬಂದ ಮಣ್ಣನ್ನು ಆ ಕಸದ ಮೇಲೆ ಹೊದೆಸಿ, ಗಿಡ ಮರ ನೆಟ್ಟು, 2006ರಲ್ಲಿ ಜನರಿಗೆ ತೆರೆದರು. ಸಿಡ್ನಿಯ ಕೊಕಾಟೂ ಐಲ್ಯಾಂಡ್ ಹಡಗು ಕಟ್ಟುವ ಜಾಗವಾಗಿತ್ತು, ಅದಕ್ಕೂ ಮೊದಲು ಕೈದಿಗಳ ಜಾಗ. ಅಲ್ಲೀಗ ಡೇರೆ ಹಾಕಿಕೊಂಡು ರಾತ್ರಿ ಉಳಿಯಬಹುದು. ತುಕ್ಕು ಹಿಡಿದ ಕ್ರೇನುಗಳನ್ನು ತೆಗೆಯದೆ ಹಾಗೇ ಬಿಟ್ಟಿದ್ದಾರೆ. ನಮ್ಮಲ್ಲಿ ಹಳೆ ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ಉರುಳುತ್ತಿವೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಶುರುಮಾಡಿದ ಉದ್ಯಮ ಅದು. ಆ ಹೆಂಚು ಹಡಗು ಹತ್ತಿ ಲೋಕ ಸುತ್ತಿದ್ದು ಇದೇ ಹಳೆ ಬಂದರಿನಿಂದ. ಒಂದು ಚಿಮಣಿ, ಒಂದು ಗೂಡು, ಒಂದು ಚಪ್ಪರ ಉಳಿಸಿಕೊಂಡರೂ ಮಕ್ಕಳಿಗೆ ತೋರಿಸಲು ಏನಾದರೂ ಇರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಗವರ್ನರ್ಸ್ ಐಲ್ಯಾಂಡಿನಲ್ಲಿ ಒಂದು ಸರಕಾರಿ ಹೈಸ್ಕೂಲಿದೆ, ಹಾರ್ಬರ್ ಸ್ಕೂಲ್. 2010ರಲ್ಲಿ ದ್ವೀಪಕ್ಕೆ ಬಂತು. ಮಕ್ಕಳು ದಿನಾ ಫೆರಿಯಲ್ಲಿ ಶಾಲೆಗೆ ಬರುತ್ತಾರೆ. ಗಣಿತ, ವಿಜ್ಞಾನದ ಜೊತೆ ದೋಣಿ ಕಟ್ಟುವುದು, ದೋಣಿ ನಡೆಸುವುದು, ನೀರಿಗೆ ಮುಳುಗಿ ಕೆಲಸ ಮಾಡುವುದು, ಸಿಂಪಿ ಬೆಳೆಸುವುದು ಕಲಿಯುತ್ತಾರೆ. ನ್ಯೂಯಾರ್ಕ್ ಬಂದರಿನಲ್ಲಿ ಒಂದು ಕಾಲಕ್ಕೆ 2,20,000 ಎಕರೆಯಷ್ಟು ಸಿಂಪಿ ದಿಬ್ಬಗಳಿದ್ದವು ಎಂದು ಅಂದಾಜು. ತಿಂದು, ಕೊಳಚೆ ಬಿಟ್ಟು, ಹೂಳೆತ್ತಿ ಎಲ್ಲ ಮುಗಿಸಿದರು. ಈಗ ಆ ಮಕ್ಕಳು ಸೇರಿಕೊಂಡು ಸಿಂಪಿಯನ್ನು ಮತ್ತೆ ನೀರಿಗೆ ಬಿಡುತ್ತಿದ್ದಾರೆ. ಬಿಲಿಯನ್ ಆಯ್‌ಸ್ಟರ್ ಪ್ರಾಜೆಕ್ಟ್ ಎಂದು ಹೆಸರು, 2035ರೊಳಗೆ ನೂರು ಕೋಟಿ ಸಿಂಪಿ ಎಂಬ ಗುರಿ. ಊರಿನ ಹೋಟೆಲುಗಳಲ್ಲಿ ತಿಂದು ಬಿಟ್ಟ ಚಿಪ್ಪುಗಳನ್ನು ಒಟ್ಟುಮಾಡಿ ದ್ವೀಪಕ್ಕೆ ತಂದು ರಾಶಿ ಹಾಕುತ್ತಾರೆ. ತಿಂಗಳುಗಟ್ಟಲೆ ಬಿಸಿಲು ಮಳೆಗೆ ಒಣಗಿ ಶುದ್ಧವಾದ ಮೇಲೆ ಆ ಚಿಪ್ಪಿನ ಮೇಲೆ ಸಿಂಪಿಯ ಮರಿಗಳನ್ನು ಕೂರಿಸಿ ನೀರಿಗೆ ಇಳಿಸುತ್ತಾರೆ. ಬೆಳೆದ ಒಂದು ಸಿಂಪಿ ಒಂದು ದಿನಕ್ಕೆ ನೂರೆಂಬತ್ತು ಲೀಟರಿಗೂ ಮೇಲೆ ನೀರು ಸೋಸಬಲ್ಲದು.

ಆ ಚಿಪ್ಪಿನ ರಾಶಿಯ ಮುಂದೆ ನಿಂತಾಗ ನನಗೆ ನೆನಪಾದದ್ದು ನಮ್ಮ ಹೊಳೆಯ ಚಿಪ್ಪುಮೀನು, ಮರುವಾಯಿ. ನೇತ್ರಾವತಿಯಲ್ಲಿ, ಶಾಂಭವಿಯಲ್ಲಿ ಸೊಂಟದುದ್ದ ನೀರಲ್ಲಿ ನಿಂತು ಕಾಲಿನಿಂದ ತಡಕಿ ಮರುವಾಯಿ ಹೆಕ್ಕುವವರನ್ನು ನೀವು ನೋಡಿದ್ದೀರಿ. ಮರುವಾಯಿ ಸುಕ್ಕ ಉಂಡು ಚಿಪ್ಪನ್ನು ಹಿತ್ತಲಿಗೆ ಎಸೆಯುತ್ತೇವೆ. ಹಿಂದೆ ಅದೇ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ ಗೋಡೆಗೆ ಬಳಿಯುತ್ತಿದ್ದರು. ಹೊಳೆಯಲ್ಲಿ ಮರುವಾಯಿ ಇದೆಯೋ ಇಲ್ಲವೋ ಎನ್ನುವುದೇ ಹೊಳೆಯ ಆರೋಗ್ಯದ ಲೆಕ್ಕ. ಬೆಂಗ್ರೆಯ ಮಕ್ಕಳಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ಅವರ ಶಾಲೆಯಲ್ಲಿ ಅದು ಪಾಠವಾಗಬೇಕು ಎನ್ನುವುದು ನನ್ನ ಆಸೆ. ದೋಣಿ ನಡೆಸುವ ಅಪ್ಪಂದಿರು ಆ ಪಾಠದ ಮೇಷ್ಟ್ರಾಗಬಹುದು.

ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ಮುಚ್ಚಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಅಲ್ಲಿ ದ್ವೀಪ ಖಾಲಿಯಾಗಿತ್ತು. ನಮ್ಮಲ್ಲಿ ಬೆಂಗ್ರೆ ಖಾಲಿಯಿಲ್ಲ. ಒಂದು ಕಡೆ ಕಡಲು, ಒಂದು ಕಡೆ ಗುರುಪುರ ಹೊಳೆ, ಮುಂದೆ ಅಳಿವೆ. ಆ ಉದ್ದನೆಯ ಹೊಯ್ಗೆಯ ಪಟ್ಟಿಯ ಮೇಲೆ ಮೀನುಗಾರರ ಮನೆ, ಮಸೀದಿ, ಭಜನಾ ಮಂದಿರ, ಶಾಲೆ ಎಲ್ಲ ಇವೆ. ಬಂದರಿನ ದಕ್ಕೆಗೆ ಬರುವ ಕೂಲಿಗಳು, ಮೀನಿನ ಬುಟ್ಟಿಯ ಹೆಂಗಸರು, ಕಾಲೇಜಿನ ಹುಡುಗಿಯರು ದಿನಾ ದೋಣಿಯಲ್ಲೇ ದಾಟುತ್ತಾರೆ. ಹಾಗೆಯೇ ನೇತ್ರಾವತಿಯ ಪಾವೂರು ಉಳಿಯ ಕುದ್ರು. ಮರಳು ತೆಗೆದು ತೆಗೆದು ದಂಡೆ ಕುಸಿಯುತ್ತಿದೆ ಎಂದು ಅಲ್ಲಿನ ಜನ ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಆ ಕುದ್ರುವಿಗೆ ಈಗ ಪಾರ್ಕು ಬೇಡ, ದಂಡೆ ನಿಲ್ಲಬೇಕು. ದ್ವೀಪ ಅಂದ ಕೂಡಲೇ ರೆಸಾರ್ಟು ಅನ್ನುವವರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು.

ಮಲ್ಪೆಯ ಸೈಂಟ್ ಮೇರೀಸ್, ನಮ್ಮ ತೋನ್ಸೆಪಾರ್, ಇನ್ನೊಂದು ಬಗೆ. ಅಲ್ಲಿ ಮನೆಗಳಿಲ್ಲ, ನಿಜ. ಆದರೆ ಆ ಕಂಬ ಕಂಬದ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ, ಲಾವಾ ಆರಿ ಆದವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಗುಡ್ಡ ಕಟ್ಟುವುದು, ಜಾರುಬಂಡೆ ಇಡುವುದು ಬೇಡ. ಕಸ ವಾಪಸ್ ತರುವುದು, ನೆರಳು, ಶೌಚಾಲಯ, ಇಷ್ಟು ಸಾಕು. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದಲ್ಲ, ಆ ತಿಂಗಳುಗಳು ಆ ಕಲ್ಲಿಗೂ ಹಕ್ಕಿಗೂ ವಿಶ್ರಾಂತಿ.

ಹಣದ ಮಾತು ಕೇಳುತ್ತೀರಿ ಎಂದು ಗೊತ್ತು. ಗವರ್ನರ್ಸ್ ಐಲ್ಯಾಂಡಿಗೂ ಹಣದ ತಾಪತ್ರಯ ಇದೆ. ಕಡಲಗೋಡೆ ದುರಸ್ತಿ, ನೀರಿನ ಕೊಳವೆ, ಫೆರಿ, ಫೋಟೋದಲ್ಲಿ ಕಾಣದ ಈ ಕೆಲಸಗಳಿಗೇ ದುಡ್ಡು ಹೋಗುವುದು. 2014ರಿಂದ ದೊಡ್ಡವರಿಗೆ ದೋಣಿಗೆ ಎರಡು ಡಾಲರ್ ಟಿಕೆಟ್ ಇಟ್ಟರು. ವಾರಾಂತ್ಯದ ಬೆಳಗಿನ ದೋಣಿಗಳನ್ನು ಉಚಿತವಾಗಿ ಉಳಿಸಿಕೊಂಡರು. ಆಮೇಲೆ ಐಷಾರಾಮಿ ಡೇರೆಗಳು ಬಂದವು, ಹಳೆಯ ಸೈನಿಕ ಕಟ್ಟಡದಲ್ಲಿ ದುಬಾರಿ ಸ್ಪಾ ಬಂತು. ನನಗದು ಹಿತವಾಗಲಿಲ್ಲ. ದಕ್ಷಿಣದ ಸ್ವಲ್ಪ ಭಾಗವನ್ನು ಹವಾಮಾನ ಸಂಶೋಧನೆಯ ದೊಡ್ಡ ಕೇಂದ್ರಕ್ಕೆ ಕೊಡುವುದೆಂದು 2023ರಲ್ಲಿ ತೀರ್ಮಾನಿಸಿದರು. ಅದನ್ನು ನಾನು ಒಪ್ಪುತ್ತೇನೆ, ಮುಳುಗುವ ಭಯ ಇರುವ ಜಾಗದಲ್ಲೇ ಆ ಓದು ನಡೆಯಲಿ. 2021ರಿಂದ ದ್ವೀಪ ವರ್ಷವಿಡೀ ತೆರೆದಿದೆ. ಬೇಸಿಗೆಯ ಕೆಲವು ದಿನಗಳಿಂದ ಅಲ್ಲಿಗೆ ಮುಟ್ಟಲು ಹದಿನೈದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ನಮಗೆ ಹದಿನೈದು ವರ್ಷದ ತಾಳ್ಮೆ ಇದೆಯೋ ಎನ್ನುವ ಪ್ರಶ್ನೆ ಬಿಡಿ. ಈ ವರ್ಷ ಆಗಬಹುದಾದದ್ದು ಹೇಳುತ್ತೇನೆ. ಸುಲ್ತಾನ್ ಬತ್ತೇರಿಯ ದೋಣಿಕಟ್ಟೆಯಲ್ಲಿ ಕನ್ನಡದಲ್ಲಿ ಬರೆದ ಒಂದು ಸಮಯದ ಹಲಗೆ. ವಯಸ್ಸಾದವರು ಹಿಡಿದು ಇಳಿಯಲು ಒಂದು ಗಟ್ಟಿ ಕಂಬಿ. ಎಲ್ಲರಿಗೂ ಲೈಫ್ ಜಾಕೆಟ್. ಆಚೆ ದಡದಲ್ಲಿ ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಗಾಳಿಮರದ ಕೆಳಗೆ ನಾಲ್ಕು ಬೆಂಚು. ಹೊಳೆ ಬದಿಯ ಕಾಂಡ್ಲಾ ಗಿಡಗಳನ್ನು ಕಡಿಯದಿರುವುದು. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ದೋಣಿ ಉಚಿತ, ಆ ದುಡ್ಡು ದೋಣಿಯವರ ಕೈಗೆ ಪಾಲಿಕೆಯಿಂದ ಹೋಗಬೇಕು. ಅವರ ಹೊಟ್ಟೆಯ ಮೇಲೆ ಹೊಡೆದು ನಮಗೆ ಪುಕ್ಕಟೆ ಬೇಡ. ಇದಕ್ಕೆಲ್ಲ ವೆಸ್ಟ್ 8 ಬೇಕಾಗಿಲ್ಲ.

ಅದಕ್ಕೂ ಮೊದಲು ನಾವು ಹೋಗಬೇಕು. ಆಗ ಕೈ ಎತ್ತಿದವರು ಐದಾರು ಜನ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು, ಅಮ್ಮ, ನಮ್ಮ ನಾಲ್ಕು ಜನ ವಿದ್ಯಾರ್ಥಿಗಳು ಬತ್ತೇರಿಯ ಕೆಳಗೆ ಇರುತ್ತೇವೆ. ಒಂದು ಪುಸ್ತಕ, ಪೆನ್ನು ತನ್ನಿ. ದೋಣಿಯವರನ್ನು ಕೇಳೋಣ, ಮೀನು ತರುವ ಅಕ್ಕಂದಿರನ್ನು ಕೇಳೋಣ, ಏನು ಬೇಕು, ಏನು ಬೇಡ ಎಂದು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳೋಣ. ಮಧ್ಯಾಹ್ನದೊಳಗೆ ವಾಪಸ್. ಬುತ್ತಿ ತಂದರೆ ಒಳ್ಳೇದು, ಆಚೆ ನೆರಳಲ್ಲಿ ಕೂತು ತಿನ್ನಬಹುದು. ಚಾಪೆ ನಾನು ತರುತ್ತೇನೆ.